ಶೂನ್ಯ ಬಿಲ್ಲಿನ ಮರೆಯಲ್ಲಿ ಸೋರುವ ಯೂನಿಟ್ಟು

ಮನೆಯ ವಿದ್ಯುತ್ತಿನ ಬಿಲ್ಲು ಒಂದು ತಿಂಗಳು ಅಕಸ್ಮಾತ್ತಾಗಿ ಇಮ್ಮಡಿಯಾಗಿ ಬಂದಿತೆಂದರೆ ಗೃಹಸ್ಥನ ಬಾಯಿಂದ ಹೊರಡುವ ಮೊದಲನೆಯ ಮಾತು ಮೀಟರಿನ ಮೇಲಣ ದೂರೇ ಆಗಿರುತ್ತದೆ. ‘ಮೀಟರು ಜೋರಾಗಿ ಓಡ್ತಾ ಇದೆ ಸ್ವಾಮಿ’ ಎಂಬ ಉದ್ಗಾರವನ್ನು ಚಿತ್ರದುರ್ಗದ ಹೊಸ ಬಡಾವಣೆಗಳಲ್ಲಿ ಕೇಳಬಹುದು; ಹಿರಿಯೂರಿನ ಬಾಡಿಗೆಯ ಮನೆಗಳಲ್ಲಿ ಕೇಳಬಹುದು; ಹೊಸದುರ್ಗದ ತೆಂಗಿನ ತೋಟಗಳ ಮಗ್ಗುಲಲ್ಲಿಯೂ ಹೊಳಲ್ಕೆರೆಯ ಅಡಕೆಯ ತೋಟಗಳ ನಡುವಿನಲ್ಲಿಯೂ ಇರುವ ಒಂಟಿ ಮನೆಗಳಲ್ಲಿಯೂ ಕೇಳಬಹುದು. ಎರಡನೆಯ ಮಾತು ಬೆಸ್ಕಾಂ ಕಚೇರಿಯ ಮೇಲೆ, ಮೂರನೆಯದು ಸರ್ಕಾರದ ಮೇಲೆ. ಮನೆಯೊಳಗಣ ನೀರಿನ ಮೋಟರಿನ ಮೇಲೆ, ಬಚ್ಚಲಿನ ಗೀಸರಿನ ಮೇಲೆ, ಮಹಡಿಯಲ್ಲಿ ಸದ್ದಿಲ್ಲದೆ ಬರಿದಾಗುತ್ತಿರುವ ತೊಟ್ಟಿಯ ಮೇಲೆ ಸಂಶಯದ ದೃಷ್ಟಿ ಬೀಳುವ ವೇಳೆಗೆ ಇನ್ನೊಂದು ತಿಂಗಳಿನ ಬಿಲ್ಲೂ ಬಂದಿರುತ್ತದೆ.

ಈ ಅನುಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮಂಥ ಒಣನಾಡಿನಲ್ಲಿ ಮನೆಯ ವಿದ್ಯುತ್ತು ಮಿತಿಮೀರಿ ಖರ್ಚಾಗುತ್ತಿದ್ದರೆ ಅದರ ಕಾರಣವನ್ನು ಮೊದಲು ನೀರಿನಲ್ಲಿ ಹುಡುಕತಕ್ಕದ್ದು. ಹಾಗೆ ಹುಡುಕುವ ಶಕ್ತಿ ನಮಗೆ ಬರಬೇಕಾದರೆ ಬಿಲ್ಲಿನ ರೂಪಾಯಿಯನ್ನು ಬಿಟ್ಟು ಯೂನಿಟ್ಟನ್ನು ಓದುವ ಅಭ್ಯಾಸವು ಮರಳಿ ಬರತಕ್ಕದ್ದು. ಆ ಅಭ್ಯಾಸವನ್ನು ನಾವು ಕಳೆದುಕೊಂಡುದರಲ್ಲಿ ನಮ್ಮ ಔದಾಸೀನ್ಯದ ಪಾಲಿರುವಂತೆ ಬಿಲ್ಲನ್ನು ರೂಪಿಸಿದವರ ಪಾಲೂ ಇದೆ.

2023ರ ಜುಲೈ ತಿಂಗಳ ಬಳಕೆಯಿಂದ ಮೊದಲ್ಗೊಂಡು ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯನ್ನು ನಾನು ಆಕ್ಷೇಪಿಸುವವನಲ್ಲ. ಬಡವರ ಮನೆಯ ದೀಪಕ್ಕೆ ಅದು ಮಾಡಿರುವ ಉಪಕಾರ ದೊಡ್ಡದು. 2022–23ನೆಯ ಸಾಲಿನಲ್ಲಿ ಆ ಮನೆಯು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ಟು ಬಳಸಿತ್ತೋ ಅದಕ್ಕೆ ಶೇಕಡ 10ನ್ನು ಕೂಡಿಸಿ, 200 ಯೂನಿಟ್ಟಿನ ಮೇರೆಗೊಳಪಟ್ಟು ಅಷ್ಟನ್ನು ಉಚಿತವಾಗಿ ಕೊಡುವುದು, ಆ ಹಕ್ಕನ್ನು ಮೀರಿದರೂ 200ರೊಳಗಿದ್ದರೆ ಮೀರಿದ ಯೂನಿಟ್ಟಿಗೆ ಮಾತ್ರ ಹಣ ಪಡೆಯುವುದು, 200ನ್ನು ದಾಟಿದರೆ ಮಾತ್ರ ಸಂಪೂರ್ಣ ಬಿಲ್ಲನ್ನು ವಸೂಲು ಮಾಡುವುದು – ಇದು ಅದರ ಮೂಲ ಕ್ರಮ. ಆದರೆ ಶೂನ್ಯವೆಂದು ಅಚ್ಚಾದ ಚೀಟಿಯನ್ನು ಯಾರೂ ಓದುವುದಿಲ್ಲ. ಅದು ಮಡಿಸಿಕೊಂಡು ಕ್ಯಾಲೆಂಡರಿನ ಹಿಂದಕ್ಕೆ ಸೇರುತ್ತದೆ. ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. 2022–23ರಲ್ಲಿ ಮಕ್ಕಳೆಲ್ಲ ಮನೆಯಲ್ಲಿದ್ದು, ಬಳಕೆ ಹೆಚ್ಚಾಗಿದ್ದುದರಿಂದ ಆ ಮನೆಗೆ 180 ಯೂನಿಟ್ಟಿನ ಹಕ್ಕು ದೊರೆಯಿತು. ಮಕ್ಕಳು ಓದಿಗೆಂದು ಊರುಬಿಟ್ಟ ಮೇಲೆ ನಿಜವಾದ ಅಗತ್ಯ 120ಕ್ಕೆ ಇಳಿಯಿತು. ಈ ನಡುವೆ ಎಲ್ಲಿಯೋ ತಿಂಗಳಿಗೆ 50 ಯೂನಿಟ್ಟಿನ ಸೋರಿಕೆ ಹುಟ್ಟಿಕೊಂಡಿತು. 120ಕ್ಕೆ 50 ಕೂಡಿದರೂ 170; ಬಿಲ್ಲು ಶೂನ್ಯವೇ; ಆ ಸೋರಿಕೆ ವರ್ಷವಿಡೀ ಯಾರ ಕಣ್ಣಿಗೂ ಬೀಳುವುದಿಲ್ಲ. ವೈಶಾಖದ ಸೆಕೆಗೆ ಫ್ಯಾನುಗಳೂ ಕೂಲರೂ ಇನ್ನು 35 ಯೂನಿಟ್ಟು ಸೇರಿಸಿದ ತಿಂಗಳು ಲೆಕ್ಕ 205 ಆಗಿ, 2025ರ ಏಪ್ರಿಲಿನಿಂದ ಜಾರಿಗೆ ಬಂದ ದರದಂತೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಪಿಂಚಣಿ ಮತ್ತು ಗ್ರಾಚ್ಯುಯಿಟಿಯ ಬಾಬ್ತು 36 ಪೈಸೆ, ಮಂಜೂರಾದ ಪ್ರತಿ ಕಿಲೊವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ ಇವೆಲ್ಲ ಸೇರಿ, ಒಂದೇ ಕಿಲೊವ್ಯಾಟಿನ ಮನೆಗೂ ತೆರಿಗೆಗೆ ಮುನ್ನವೇ 1,400 ರೂಪಾಯಿ ದಾಟಿದ ಬಿಲ್ಲು ಬಾಗಿಲಿಗೆ ಬರುತ್ತದೆ. ಅಂದು ಆ ಮನೆಯವರು ಸೆಕೆಯನ್ನು ದೂರುತ್ತಾರೆ, ಫ್ಯಾನನ್ನು ದೂರುತ್ತಾರೆ. ವರ್ಷದಿಂದ ಒಳಗೇ ಬೆಳೆದ ಸೋರಿಕೆಯ ಕಡೆಗೆ ಯಾರ ಬೆರಳೂ ತೋರುವುದಿಲ್ಲ.

ಇನ್ನೊಂದು ಎಚ್ಚರಿಕೆಯ ಸೂಚಕವೂ ಈಚೆಗೆ ಮರೆಯಾಗಿದೆ. 2024ರ ಏಪ್ರಿಲಿಗೆ ಮುಂಚೆ ಗೃಹಬಳಕೆಯ ದರವು ಮೆಟ್ಟಿಲುಮೆಟ್ಟಿಲಾಗಿದ್ದು, 100 ಯೂನಿಟ್ಟನ್ನು ಮೀರಿದೊಡನೆ ದರವೇ ಏರುತ್ತಿದ್ದುದರಿಂದ ಬಳಕೆಯ ಏರಿಕೆ ಹಣದ ರೂಪದಲ್ಲಿ ಬೇಗನೆ ಗೋಚರವಾಗುತ್ತಿತ್ತು. ಈಗ ಎಲ್ಲ ಯೂನಿಟ್ಟಿಗೂ ಒಂದೇ ದರ. ಲೆಕ್ಕ ಸರಳವಾಯಿತು, ನಿಜ. ಆದರೆ ದರವು ಕೊಡುತ್ತಿದ್ದ ಮುನ್ಸೂಚನೆ ಹೋಯಿತು. ನಮ್ಮ ಗುಡ್ಡಗಳ ಸಾಲಿನಲ್ಲೆಲ್ಲ ಗಾಳಿಯಂತ್ರಗಳು ತಿರುಗುತ್ತಿರುವಾಗ ನಮಗೇಕೆ ಈ ದರವೆಂದು ಕೇಳುವವರೂ ಉಂಟು. ಜೋಗಿಮಟ್ಟಿಯ ಗಾಳಿಯಿಂದ ಹುಟ್ಟಿದ ವಿದ್ಯುತ್ತಾದರೂ ರಾಜ್ಯದ ಜಾಲಕ್ಕೆ ಸೇರಿಹೋಗತಕ್ಕದ್ದೇ. ದರವನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಗುಡ್ಡದ ಬುಡದಲ್ಲಿದ್ದೇವೆಂಬ ಕಾರಣಕ್ಕೆ ರಿಯಾಯಿತಿ ಬಾರದು. ದರ ನಮ್ಮ ಕೈಯಲ್ಲಿಲ್ಲ. ಯೂನಿಟ್ಟು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಇನ್ನು ನೀರಿನ ಮಾತು. ಚಿತ್ರದುರ್ಗದ ಕೋಟೆಯನ್ನು ಕಟ್ಟಿಸಿದವರು ಬೆಟ್ಟದ ಮೇಲೆ ಬಿದ್ದ ಮಳೆಯ ನೀರನ್ನು ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದು, ಅದು ತುಂಬಿದಾಗ ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ, ಕಟ್ಟಕಡೆಗೆ ಊರೊಳಗಣ ಸಂತೆ ಹೊಂಡಕ್ಕೂ ತಾನಾಗಿ ಇಳಿದುಬರುವಂತೆ ಏರ್ಪಡಿಸಿದ್ದರು. 1898ರಿಂದ 1907ರ ವರೆಗೆ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಕಟ್ಟಿದ ವಾಣಿವಿಲಾಸ ಸಾಗರದ ನಾಲೆಗಳಲ್ಲಿಯೂ ಹಿರಿಯೂರಿನ ಹೊಲಗಳಿಗೆ ನೀರು ಹರಿದದ್ದು ಇಳಿಜಾರಿನ ಬಲದಿಂದಲೇ. ಆ ಕಾಲದ ನೀರಿಗೆ ಎತ್ತುವ ಖರ್ಚಿರಲಿಲ್ಲ. ಇಂದು ನಾವು ಮೀಯುವ ಪ್ರತಿಯೊಂದು ತಂಬಿಗೆ ನೀರನ್ನೂ ವಿದ್ಯುತ್ತೇ ಮೇಲಕ್ಕೆತ್ತಿ ಕೊಡಬೇಕಾಗಿದೆ: ನಿತ್ಯವೂ ಬಾರದ ನಲ್ಲಿಯ ನೀರಾದರೆ ಸಂಪಿನಿಂದ ಮಹಡಿಗೆ, ಬೋರಿನ ನೀರಾದರೆ ಪಾತಾಳದಿಂದ ಮಹಡಿಗೆ.

ಈ ಎತ್ತುವಿಕೆಯ ಲೆಕ್ಕ ಕಠಿನವಾದುದೇನಲ್ಲ. ಸಾವಿರ ಲೀಟರು ನೀರನ್ನು 600 ಅಡಿಯ ಆಳದಿಂದ ಮೇಲಕ್ಕೆ ತರುವುದಕ್ಕೆ ಶುದ್ಧ ಗಣಿತದ ಪ್ರಕಾರ ಅರ್ಧ ಯೂನಿಟ್ಟು ಸಾಕು. ಆದರೆ ಮೋಟರಿನ ಸುರುಳಿಯಲ್ಲಿ, ಪಂಪಿನ ಚಕ್ರಗಳಲ್ಲಿ, ನೂರಾರು ಅಡಿಯ ಪೈಪಿನ ಘರ್ಷಣೆಯಲ್ಲಿ ಶಕ್ತಿ ನಷ್ಟವಾಗುವುದರಿಂದ, ಮನೆಯ ಸಾಧಾರಣ ಪಂಪು ಕೊಂಡ ವಿದ್ಯುತ್ತಿನ ಮೂರನೆಯ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ತಂದಿತೆಂದಿಟ್ಟುಕೊಂಡರೆ ಸಾವಿರ ಲೀಟರಿಗೆ ಒಂದೂವರೆ ಯೂನಿಟ್ಟಾಯಿತು. ಈಗ ಶೌಚಾಲಯದ ಫ್ಲಶ್ ತೊಟ್ಟಿಯ ರಬ್ಬರು ಸವೆದು ನಿಮಿಷಕ್ಕೆ ಒಂದು ಲೀಟರಿನಂತೆ ನೀರು ಸದ್ದಿಲ್ಲದೆ ಇಳಿಯುತ್ತಿದೆಯೆನ್ನಿ. ದಿನಕ್ಕೆ 1,440 ಲೀಟರು. ಎರಡು ಯೂನಿಟ್ಟಿಗೂ ಮಿಗಿಲು. ತಿಂಗಳಿಗೆ ಸುಮಾರು 65 ಯೂನಿಟ್ಟು. ಕೆಲವೇ ರೂಪಾಯಿಗೆ ಬರುವ ಒಂದು ರಬ್ಬರಿನ ಬಿಲ್ಲೆ ಸವೆದುದರ ಫಲವಾಗಿ ಮನೆಯೊಂದು ಗೃಹಜ್ಯೋತಿಯ ಗೆರೆಯನ್ನು ದಾಟಿಬಿಡಬಹುದು. ತೊಟ್ಟಿ ತಗ್ಗಿದೊಡನೆ ತಾನಾಗಿ ಮೋಟರನ್ನು ಹಚ್ಚುವ ಉಪಕರಣವಿರುವ ಮನೆಯಲ್ಲಂತೂ ಈ ನಷ್ಟ ನಡುರಾತ್ರಿಯಲ್ಲಿ, ಎಲ್ಲರೂ ನಿದ್ರಿಸುತ್ತಿರುವಾಗ ನಡೆಯುತ್ತದೆ.

ಸೋರಿಕೆ ಮನೆಯೊಳಗೇ ಇರಬೇಕೆಂದಿಲ್ಲ. ಬೋರಿನೊಳಗೆ ಇಳಿಬಿಟ್ಟ ಪೈಪಿನ ಕೀಲು ಬಿರುಕು ಬಿಟ್ಟರೆ, ಮೇಲೇರಿದ ನೀರಿನಲ್ಲಿ ಒಂದಂಶ ಮತ್ತೆ ಬೋರಿಗೇ ಧುಮುಕುತ್ತದೆ. ನೀರು ಹಿಂದಿರುಗದಂತೆ ತಡೆಯುವ ವಾಲ್ವು ಕೆಟ್ಟರೆ ಮೋಟರು ಪ್ರತಿಸಲವೂ ಬರಿದಾದ ಪೈಪನ್ನೇ ಮೊದಲು ತುಂಬಬೇಕಾಗುತ್ತದೆ. ಯಾವ ದೋಷವೂ ಇಲ್ಲದಾಗ ಅಂತರ್ಜಲವೇ ಕೆಳಗಿಳಿದಿರಬಹುದು. 1933ರಲ್ಲಿ ಒಮ್ಮೆ ತುಂಬಿದ ವಾಣಿವಿಲಾಸ ಸಾಗರವು 2022ರಲ್ಲಿ ಮತ್ತೆ ಕೋಡಿ ಹರಿದಾಗ ಸಂಭ್ರಮಪಟ್ಟ ಜಿಲ್ಲೆಯೇ, ಮರುವರ್ಷ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಆವರಿಸಿದ ಬರವನ್ನೂ ಕಂಡಿತು. ನೀರಿನ ಮಟ್ಟ ಇಳಿದ ವರ್ಷ ಅದೇ ತೊಟ್ಟಿಯನ್ನು ತುಂಬಲು ಹೆಚ್ಚು ಯೂನಿಟ್ಟು ಬೇಕಾಗುವುದು ಪ್ರಕೃತಿನಿಯಮ. ಆದುದರಿಂದ ಬರಿದಾದ ತೊಟ್ಟಿ ತುಂಬಲು ಮೋಟರಿಗೆ ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ಆಗಾಗ ಬರೆದಿಡುವುದು ಒಳ್ಳೆಯದು. ನಲವತ್ತು ನಿಮಿಷದ ಕೆಲಸ ಎಪ್ಪತ್ತಾದರೆ ದೋಷ ಬೋರಿನ ಕಡೆಗಿದೆ. ನಿಮಿಷಗಳು ಅಷ್ಟೇ ಇದ್ದು ತುಂಬಿಸುವ ಸರದಿ ಹೆಚ್ಚಿದರೆ ದೋಷ ನಲ್ಲಿ, ಫ್ಲಶ್ಶು, ಪೈಪುಗಳ ಕಡೆಗಿದೆ. ಇದನ್ನು ಅರಿಯುವುದಕ್ಕೆ ಗಡಿಯಾರ ಮತ್ತು ಸೀಮೆಸುಣ್ಣದ ಹೊರತು ಬೇರೆ ಯಂತ್ರ ಬೇಡ.

ನೀರನ್ನು ಎತ್ತುವುದರ ತರುವಾಯ ಕಾಯಿಸುವುದು. ಹದಿನೈದು ಲೀಟರಿನ ಗೀಸರೊಂದು ಸಾಧಾರಣ ನೀರನ್ನು ಸ್ನಾನದ ಬಿಸಿಗೆ ತರಲು ಒಂದು ಬಾರಿಗೆ ಸುಮಾರು ಅರ್ಧ ಯೂನಿಟ್ಟಿನ ಮೇಲೆ ಬೇಡುತ್ತದೆ. ನಾಲ್ಕೈದು ಮಂದಿಯ ಮನೆಯಲ್ಲಿ ತಿಂಗಳಿಗೆ 80 ಯೂನಿಟ್ಟು ಹೀಗೆಯೇ ಹೋಗಬಲ್ಲದು. ಸೌದೆಯ ಹಂಡೆ ಬಚ್ಚಲಿನಿಂದ ನಿರ್ಗಮಿಸಿದ ಮನೆಯಲ್ಲಿ ಬಾಣಂತನ ನಡೆದರಂತೂ ತಾಯಿಗೂ ಮಗುವಿಗೂ ಎರೆಯುವ ನೀರಿನಿಂದ ಬಳಕೆ ಏರಲೇಬೇಕು. ಅದು ಅಗತ್ಯದ ಖರ್ಚು. ಅದನ್ನು ದೋಷವೆಂದು ಎಣಿಸಿ ಮನೆಯ ಹೆಣ್ಣುಮಕ್ಕಳ ಮೇಲೆ ಗೊಣಗುವುದು ಅನ್ಯಾಯ. ಆದರೆ ನಮ್ಮ ಬೋರುಗಳ ಗಡಸು ನೀರಿನಲ್ಲಿ ಗೀಸರಿನ ಕಾಯಿಲಿಗೆ ಬಿಳಿಯ ಪೊರೆ ಕಟ್ಟಿ, ಕ್ರಮೇಣ ಅದರ ಹೊರಕವಚವೇ ತಿಂದುಹೋಗಿ, ವಿದ್ಯುತ್ತು ನೀರಿನ ಮೂಲಕ ಭೂಮಿಗೆ ಹರಿಯಲಾರಂಭಿಸುವುದು ಬೇರೆಯೇ ಮಾತು. ಆ ಸೋರಿಕೆ ಬಿಲ್ಲನ್ನು ಏರಿಸುವುದರ ಜೊತೆಗೆ ಪ್ರಾಣಕ್ಕೂ ಸಂಚಕಾರ ತರುತ್ತದೆ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಅಂದೇ ಗೀಸರನ್ನು ಆರಿಸಿ ಬಲ್ಲವರನ್ನು ಕರೆಸತಕ್ಕದ್ದು. ಸೋರುವ ವಿದ್ಯುತ್ತನ್ನು ಕ್ಷಣದಲ್ಲಿ ಕಡಿದುಹಾಕುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಮೇನ್ ಪೆಟ್ಟಿಗೆಯಲ್ಲಿ ಹಾಕಿಸತಕ್ಕದ್ದು.

ಉಳಿದ ಶಂಕಿತರನ್ನು ಸಂಕ್ಷೇಪವಾಗಿ ಹೇಳಬಹುದು. ಬ್ಯಾಟರಿ ಮುದಿಯಾದ ಇನ್ವರ್ಟರು ಎಷ್ಟು ತುಂಬಿದರೂ ತುಂಬದೆ ಹಗಲಿರುಳೂ ವಿದ್ಯುತ್ತು ಎಳೆಯುತ್ತಿರುತ್ತದೆ. ಅದು 50 ವ್ಯಾಟಿನಷ್ಟೇ ಆದರೂ ತಿಂಗಳಿಗೆ 36 ಯೂನಿಟ್ಟು. ಬಾಗಿಲಿನ ರಬ್ಬರು ಸಡಿಲವಾದ ಫ್ರಿಜ್ಜು ವಿರಾಮವಿಲ್ಲದೆ ದುಡಿಯುತ್ತದೆ. ಅದರ ಮೈಮೇಲಣ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ಟೆಂದು ಬರೆದಿರುವುದನ್ನು ಹನ್ನೆರಡರಿಂದ ಭಾಗಿಸಿದರೆ ಆರೋಗ್ಯವಂತ ಫ್ರಿಜ್ಜಿನ ಮಾಸಿಕ ಖರ್ಚು ಸುಮಾರಾಗಿ ತಿಳಿಯುತ್ತದೆ. ಈಚೆಗೆ ಮನೆಗೆ ಬಂದ ವಿದ್ಯುತ್ ಸ್ಕೂಟರು, ಗ್ಯಾಸ್ ಮುಗಿದಾಗ ಹಚ್ಚಿದ ಇಂಡಕ್ಷನ್ ಒಲೆ, ಕಾರ್ತಿಕದ ಸುಮಾರಿಗೆ ಮನೆಯ ಸಾಲಿನಿಂದಲೇ ಓಡಿಸಿದ ಅಡಕೆ ಸುಲಿಯುವ ಯಂತ್ರ – ಇವು ಜನ ಲೆಕ್ಕಕ್ಕೆ ಹಿಡಿಯಲು ಮರೆಯುವಂಥವು.

ಊಹೆಯಿಂದ ಶಂಕಿಸುವುದಕ್ಕಿಂತ ಪರೀಕ್ಷಿಸಿ ನೋಡುವುದು ಮೇಲು. ರಾತ್ರಿ ಮಲಗುವಾಗ ಒಮ್ಮೆ, ಬೆಳಗ್ಗೆ ಏಳುತ್ತಲೇ ಒಮ್ಮೆ ಮೀಟರಿನ ಅಂಕಿಯನ್ನು ಬರೆದುಕೊಳ್ಳಿ. ಮೂರು ಹಳೆಯ ಫ್ಯಾನು, ಒಂದು ಫ್ರಿಜ್ಜು ಮಾತ್ರ ನಡೆದ ಎಂಟು ಗಂಟೆಗೆ ಎರಡು, ಎರಡೂವರೆ ಯೂನಿಟ್ಟಾದರೆ ಸಹಜ. ಐದಾದರೆ ಇರುಳಿನಲ್ಲಿ ಏನೋ ನಡೆಯುತ್ತಿದೆ. ಅನಂತರ ಹಗಲಿನಲ್ಲಿ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಮೇನನ್ನು ಮಾತ್ರ ಹಾಗೆಯೇ ಬಿಟ್ಟು, ವೈದ್ಯನು ನಾಡಿ ಹಿಡಿದು ಎಣಿಸುವಂತೆ ಮೀಟರಿನ ಕೆಂಪು ದೀಪ ಮಿನುಗುವುದನ್ನು ಎಣಿಸಿ. ಯೂನಿಟ್ಟಿಗೆ 3,200 ಬಾರಿ ಮಿನುಗುವ ಮೀಟರಿನಲ್ಲಿ ನಿಮಿಷಕ್ಕೊಂದು ಮಿನುಗು ಸುಮಾರು 19 ವ್ಯಾಟಿಗೆ ಸಮ. ನಿಮಿಷಕ್ಕೆ ಹತ್ತಾದರೆ ತಿಂಗಳಿಗೆ 135 ಯೂನಿಟ್ಟು ಯಾರಿಗೂ ಉಪಯೋಗವಿಲ್ಲದೆ ಹೋಗುತ್ತಿದೆಯೆಂದರ್ಥ. ಮೇನ್ ಪೆಟ್ಟಿಗೆಯಲ್ಲಿ ಒಂದೊಂದು ಕವಲಿಗೂ ಇರುವ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸುತ್ತ ಹೋದರೆ ಯಾವುದನ್ನು ಇಳಿಸಿದಾಗ ದೀಪ ಶಾಂತವಾಯಿತೋ ಆ ಕವಲಿನಲ್ಲಿ ದೋಷವಿದೆ. ಮೇನನ್ನೇ ಆರಿಸಿದ ಮೇಲೂ ಮಿನುಗುತ್ತಿದ್ದರೆ, ಮೀಟರಿಗೂ ಮೇನಿಗೂ ನಡುವೆ ಯಾರೋ ಎಳೆದುಕೊಂಡಿದ್ದಾರೆ, ಇಲ್ಲವೆ ಮೀಟರೇ ಕೆಟ್ಟಿದೆ. ಆಗ 1912ಕ್ಕೆ ದೂರು ಕೊಟ್ಟು ಮೀಟರನ್ನು ಪರೀಕ್ಷೆಗೆ ಒಪ್ಪಿಸಿರೆಂದು ಕೇಳುವುದು ಗ್ರಾಹಕನ ನ್ಯಾಯವಾದ ಹಕ್ಕು. ಸೀಲನ್ನು ಮಾತ್ರ ಯಾರೂ ಮುಟ್ಟಬಾರದು.

ಮೀಟರು ಜೋರಾಗಿ ಓಡುತ್ತಿದೆಯೆಂಬ ದೂರಿಗೂ ಒಂದು ಆಧಾರವಿದೆಯೆಂಬುದನ್ನು ಒಪ್ಪಬೇಕು. ಹಳೆಯ ಚಕ್ರದ ಮೀಟರು ಅತ್ಯಲ್ಪ ಬಳಕೆಗೆ ಅಲುಗುತ್ತಿರಲಿಲ್ಲ. ಈಗಿನ ಎಲೆಕ್ಟ್ರಾನಿಕ್ ಮೀಟರು ಸಣ್ಣದನ್ನೂ ಬಿಡದೆ ಎಣಿಸುತ್ತದೆ. ಅದೂ ಅಲ್ಲದೆ ಅದು ಹೋಗುವ ತಂತಿಯಲ್ಲಿಯೂ ಮರಳುವ ತಂತಿಯಲ್ಲಿಯೂ ಹರಿಯುವ ವಿದ್ಯುತ್ತನ್ನು ಅಳೆದು, ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುವಂತೆ ರಚಿತವಾಗಿದೆ. ಕಳ್ಳತನವನ್ನು ತಡೆಯುವುದಕ್ಕೆ ಮಾಡಿದ ಈ ಏರ್ಪಾಡು, ಮೂರು ನಾಲ್ಕು ಬಾಡಿಗೆಯ ಮನೆಗಳಿರುವ ಕಟ್ಟಡದಲ್ಲಿ ಎರಡು ಮನೆಯ ನ್ಯೂಟ್ರಲ್ ತಂತಿಗಳು ಒಂದಕ್ಕೊಂದು ಸೇರಿಕೊಂಡಿದ್ದರೆ, ಮಹಡಿಯ ಮನೆಯವರ ಬಳಕೆಯನ್ನು ಕೆಳಮನೆಯವರ ಲೆಕ್ಕಕ್ಕೂ ಸೇರಿಸಿಬಿಡುತ್ತದೆ. ಮೀಟರಿನ ಮುಖದ ಮೇಲೆ ‘ಅರ್ಥ್’ ಎಂಬ ಗುರುತಿನ ದೀಪ ಹೊತ್ತಿಕೊಂಡಿದ್ದರೆ ಸೋರಿಕೆಯನ್ನಾಗಲಿ ಇಂಥ ಬೆರಕೆಯನ್ನಾಗಲಿ ಶಂಕಿಸಬೇಕು. ಎಲ್ಲರ ಸಂಪಿನ ಮೋಟರೂ ಮೆಟ್ಟಿಲ ದೀಪವೂ ಒಬ್ಬ ಬಾಡಿಗೆದಾರನ ಮೀಟರಿಗೆ ಅಂಟಿಕೊಂಡಿರುವುದು ಇನ್ನೂ ಸಾಮಾನ್ಯ. ಇಲ್ಲಿ ದೋಷ ಮನೆಯ ಮಾಲೀಕರದು. ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುನ್ನ ಯಾವ ಮೋಟರು ಯಾವ ಮೀಟರಿನದೆಂದು ಕೇಳುವುದು ಬಾಡಿಗೆದಾರನ ಜಾಣತನ.

ಉಚಿತವಾಗಿ ಕೊಟ್ಟದ್ದನ್ನು ಜನ ಪೋಲು ಮಾಡುತ್ತಾರೆ, ಅದಕ್ಕೆ ಮದ್ದು ಹಣ ಕೇಳುವುದೊಂದೇ ಎನ್ನುವವರಿದ್ದಾರೆ. ಅವರ ವಾದಕ್ಕೆ ನಾನು ತಲೆದೂಗಲಾರೆ. ಸೋರಿಕೆ ವಿಲಾಸವಲ್ಲ. ಹಳೆಯ ತಂತಿ, ಯಾರೋ ಮಾರಿದ ಫ್ರಿಜ್ಜು, ಹಲವು ಸಲ ಸುರುಳಿ ಸುತ್ತಿಸಿದ ಮೋಟರು ಇರತಕ್ಕದ್ದು ಬಡವರ ಮನೆಯಲ್ಲಿಯೇ. ಆದುದರಿಂದ ಅತಿಬಳಕೆಯ ದಂಡ ಹೆಚ್ಚಾಗಿ ಬೀಳುವುದೂ ಅವರ ಮೇಲೆಯೇ. 200ನೆಯ ಯೂನಿಟ್ಟಿನ ವರೆಗೆ ಕೈಹಿಡಿದು ನಡೆಸಿ, 201ನೆಯದರಲ್ಲಿ ಕಮರಿಗೆ ದೂಡುವ ಈಗಿನ ಏರ್ಪಾಡು, ಐಷಾರಾಮಿಯನ್ನೂ ತಿಳಿಯದೆ ತಪ್ಪಿದವನನ್ನೂ ಸಮನಾಗಿ ದಂಡಿಸುತ್ತದೆ. ವರ್ಷಕ್ಕೊಮ್ಮೆ, ದೋಷವನ್ನು ಕಂಡುಹಿಡಿದು ಸರಿಪಡಿಸಿಕೊಂಡ ಮನೆಗೆ, ಹಕ್ಕನ್ನು ಮೀರಿದ ಯೂನಿಟ್ಟಿಗೆ ಮಾತ್ರ ಹಣ ಹಾಕುವ ಕ್ಷಮಾಗುಣ ಯೋಜನೆಯಲ್ಲಿ ಸೇರಬೇಕು.

ಸರಬರಾಜು ಕಂಪನಿಯಿಂದ ಕೇಳಬೇಕಾದುದು ಇನ್ನೂ ಸುಲಭವಾದುದು. ಬಿಲ್ಲಿನಲ್ಲಿ ರೂಪಾಯಿಗಿಂತ ದೊಡ್ಡ ಅಕ್ಷರಗಳಲ್ಲಿ ಮೂರು ಅಂಕಿಗಳು ಇರಲಿ: ಈ ತಿಂಗಳು ದಿನಕ್ಕೆ ಸರಾಸರಿ ಎಷ್ಟು ಯೂನಿಟ್ಟು, ಹೋದ ತಿಂಗಳು ಎಷ್ಟು, ಹೋದ ವರ್ಷ ಇದೇ ತಿಂಗಳು ಎಷ್ಟು. ತಿಂಗಳ ಲೆಕ್ಕಕ್ಕಿಂತ ದಿನದ ಲೆಕ್ಕ ಮುಖ್ಯ. ಏಕೆಂದರೆ ಮೀಟರು ಓದುವವರು ನಾಲ್ಕು ದಿನ ತಡವಾಗಿ ಬಂದರೂ, ಬಾಗಿಲು ಹಾಕಿತ್ತೆಂದು ಒಂದು ತಿಂಗಳು ಅಂದಾಜಿನ ಬಿಲ್ಲು ಕೊಟ್ಟು ಮರುತಿಂಗಳು ಸರಿದೂಗಿಸಿದರೂ ಏರಿಕೆಯ ಭ್ರಾಂತಿ ಹುಟ್ಟುತ್ತದೆ. ಬಿಲ್ಲು ಶೂನ್ಯವಾಗಿದ್ದರೂ ಬಳಕೆ ಹಿಂದಿನ ವರ್ಷಕ್ಕಿಂತ ಮೂರನೆಯ ಒಂದರಷ್ಟು ಏರಿದ್ದರೆ ಮನೆಯವರ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಹೋಗಲಿ. ಐಟಿಐ, ಪಾಲಿಟೆಕ್ನಿಕ್ಕುಗಳ ವಿದ್ಯಾರ್ಥಿಗಳಿಗೆ ತರಬೇತು ಕೊಟ್ಟು, ಕೇಳಿಕೊಂಡ ಮನೆಗೆ ಹೋಗಿ ಸೋರಿಕೆ ನೋಡಿಕೊಡುವ ಏರ್ಪಾಡನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ಈ ನಾಲ್ಕು ತಾಲ್ಲೂಕುಗಳಿಂದಲೇ ಏಕೆ ಆರಂಭಿಸಬಾರದು? ಹೀಗೆ ಉಳಿದ ಯೂನಿಟ್ಟಿಗೆ ಸಹಾಯಧನ ಕೊಡುವ ಹೊರೆ ಸರ್ಕಾರಕ್ಕೂ ತಪ್ಪುತ್ತದೆಯಾಗಿ ಇದು ದಾನದ ಮಾತಾಗದೆ ಮಿತವ್ಯಯದ ಮಾತೇ ಆಗುತ್ತದೆ.

ಆ ಏರ್ಪಾಡುಗಳೆಲ್ಲ ಬರುವ ವರೆಗೆ ಗೃಹಸ್ಥನು ಕೈಕಟ್ಟಿ ಕೂಡಬೇಕಾಗಿಲ್ಲ. ಪ್ರತಿ ತಿಂಗಳೂ ಒಂದೇ ತಾರೀಖಿನಂದು ಮೀಟರಿನ ಅಂಕಿಯನ್ನು ಬರೆದಿಡುವ ಹೊಣೆಯನ್ನು ಮನೆಯ ಹೈಸ್ಕೂಲು ಹುಡುಗನಿಗೋ ಹುಡುಗಿಗೋ ವಹಿಸಿದರೆ, ಗುಣಾಕಾರ ಭಾಗಾಕಾರಗಳು ಅವರಿಗೆ ಪುಸ್ತಕದ ಹೊರಗೂ ಉಪಯೋಗಕ್ಕೆ ಬರುತ್ತವೆ. ಸೋರಿಕೆ ಹುಟ್ಟಿದ ತಿಂಗಳಲ್ಲಿಯೇ ಸಿಕ್ಕಿಬೀಳುತ್ತದೆ. ಆರುನೂರು ಅಡಿಯ ಬೋರಿರುವ ಊರಿನಲ್ಲಿ ಹೀಗೆ ಸಿಕ್ಕಿದ ಪ್ರತಿಯೊಂದು ಸೋರಿಕೆಯೂ ಹಣವನ್ನು ಉಳಿಸುವುದಕ್ಕೆ ಮೊದಲು, ಮುಂದಿನ ಬರಗಾಲಕ್ಕೆ ಬೇಕಾಗುವ ನೀರನ್ನು ಉಳಿಸುತ್ತದೆ. ಬಿಲ್ಲು ಶೂನ್ಯವೋ ಅಲ್ಲವೋ, ಆ ನೀರಿಗೆ ರಿಯಾಯಿತಿ ಕೊಡುವ ಸರ್ಕಾರ ಯಾವುದೂ ಇಲ್ಲ.